ಆ ಮಬ್ಬು ಯಾರದು?

ಫೆಬ್ರುವರಿ ಕೊನೆಯ ನಡುರಾತ್ರಿಗಳಲ್ಲಿ ಉತ್ತರಕ್ಕೆ ತಿರುಗಿ ನಿಂತರೆ ಸಪ್ತರ್ಷಿ ಮಂಡಲ ಈಶಾನ್ಯದಿಂದ ಮೇಲೇರಿ ಬಂದಿರುತ್ತದೆ. ಅದರ ಚೌಕದಲ್ಲಿ ಪುಲಸ್ತ್ಯನಿಂದ ಕ್ರತುವಿಗೆ ಒಂದು ಗೆರೆ ಎಳೆದು, ಅಷ್ಟೇ ದೂರ ಇನ್ನೂ ಮುಂದಕ್ಕೆ ಹೋದರೆ ಬರಿಗಣ್ಣಿಗೆ ಖಾಲಿಯಾಗಿ ಕಾಣುವ ಒಂದು ಜಾಗ ಸಿಗುತ್ತದೆ. ಅಲ್ಲಿ ಎರಡು ಗ್ಯಾಲಕ್ಸಿಗಳು ಅಕ್ಕಪಕ್ಕ ಇವೆ. ಜರ್ಮನಿಯ ಯೋಹಾನ್ ಬೋಡೆ 1774ರ ಡಿಸೆಂಬರ್ 31ರಂದು ಇವನ್ನು ಮೊದಲ ಬಾರಿಗೆ ಗುರುತಿಸಿದ. ಇಂದು ಅವುಗಳ ಹೆಸರು ಎಂ81 ಮತ್ತು ಎಂ82. ಒಂದು ಚೆಂದದ ಸುರುಳಿ. ಇನ್ನೊಂದು ಪಕ್ಕದಿಂದ ಕಾಣುವ, ಒಡಲೊಳಗಿಂದ ಕೆಂಪು ಅನಿಲವನ್ನು ಹೊರಕ್ಕೆ ಚೆಲ್ಲುತ್ತಿರುವ ಉದ್ದನೆಯ ಗ್ಯಾಲಕ್ಸಿ. ಎರಡೂ ನಮ್ಮಿಂದ ಸುಮಾರು 1.2 ಕೋಟಿ ಬೆಳಕಿನ ವರ್ಷ ದೂರ. ಆಕಾಶದ ಚಿತ್ರ ತೆಗೆಯುವ ಹವ್ಯಾಸಿಗಳಲ್ಲಿ ಇವನ್ನು ತೆಗೆಯದವರು ಕಡಿಮೆ. ನಾನೂ ತೆಗೆದಿದ್ದೇನೆ, ಇನ್ನೂ ತೆಗೆಯುತ್ತಿದ್ದೇನೆ. ಆದರೆ ಈಚೆಗೆ ನನ್ನ ಕಣ್ಣು ನೆಟ್ಟಿರುವುದು ಆ ಗ್ಯಾಲಕ್ಸಿಗಳ ಮೇಲಲ್ಲ, ಅವುಗಳ ಸುತ್ತ ಹರಡಿರುವ ಮಬ್ಬಿನ ಮೇಲೆ.

ಗಂಟೆಗಟ್ಟಲೆ ಬೆಳಕು ಕೂಡಿಸಿದ ಚಿತ್ರದಲ್ಲಿ ಮಾತ್ರ ಅದು ಕಾಣುತ್ತದೆ. ಮಾಸಲು ಕಂದು ಬಣ್ಣ, ಎಳೆಎಳೆಯಾಗಿ, ಅಲ್ಲಲ್ಲಿ ಹಿಂಜಿ, ಅಲ್ಲಲ್ಲಿ ಸುರುಳಿಗೊಂಡು, ಗ್ಯಾಲಕ್ಸಿಗಳನ್ನು ಬಳಸಿಕೊಂಡಂತೆ ಹರಡಿರುತ್ತದೆ. ನೋಡಿದ ಕೂಡಲೇ ಅದು ಆ ಎರಡು ಗ್ಯಾಲಕ್ಸಿಗಳದೇ ಎನ್ನಿಸುತ್ತದೆ. ಅಲ್ಲ. ಅದು ನಮ್ಮದು. ನಮ್ಮ ಆಕಾಶಗಂಗೆಯ ತಟ್ಟೆಯಿಂದ ಮೇಲಕ್ಕೆ ತೇಲಿನಿಂತ ಧೂಳು. ನಮ್ಮಿಂದ ನೂರಾರು ಬೆಳಕಿನ ವರ್ಷಗಳ ಒಳಗೇ ಇರುವಂಥದ್ದು. ಕಿಟಕಿಯಿಂದ ಆಚೆಮನೆಯನ್ನು ನೋಡುವಾಗ ನಮ್ಮದೇ ಗಾಜಿನ ಮೇಲಿನ ಧೂಳು ಆ ಮನೆಯ ಗೋಡೆಯ ಮೇಲಿದ್ದಂತೆ ತೋರುತ್ತದಲ್ಲ, ಹಾಗೆ.

ಈ ಧೂಳಿಗೆ ಬೆಳಕು ಕೊಡುವವರು ಯಾರು ಎಂಬುದು ನನ್ನನ್ನು ಮೊದಲಿನಿಂದಲೂ ಹಿಡಿದಿಟ್ಟ ಸಂಗತಿ. ಕೃತ್ತಿಕೆಯ ಸುತ್ತಲಿನ ನೀಲಿ ಮಬ್ಬಿಗೆ ಕೃತ್ತಿಕೆಯ ನಕ್ಷತ್ರಗಳೇ ದೀಪ. ಇದಕ್ಕೆ ಹಾಗೆ ಹತ್ತಿರದ ನಕ್ಷತ್ರ ಯಾವುದೂ ಇಲ್ಲ. ಇದರ ಮೇಲೆ ಬೀಳುತ್ತಿರುವುದು ಇಡೀ ಆಕಾಶಗಂಗೆಯ ಕೋಟ್ಯಂತರ ನಕ್ಷತ್ರಗಳ ಒಟ್ಟು ಬೆಳಕು. ಅಮೆರಿಕದ ಆಲನ್ ಸ್ಯಾಂಡೇಜ್ 1976ರಲ್ಲಿ ಪಾಲೊಮಾರ್‌ನ 48 ಅಂಗುಲದ ಷ್ಮಿಟ್ ದೂರದರ್ಶಕದ ಪ್ಲೇಟುಗಳಲ್ಲಿ ಈ ಮಬ್ಬನ್ನು ತೋರಿಸಿ, ಇದು ನಮ್ಮ ಗ್ಯಾಲಕ್ಸಿಯ ತಟ್ಟೆಯ ಬೆಳಕಿನಿಂದಲೇ ಹೊಳೆಯುತ್ತಿದೆ ಎಂದು ಬರೆದರು. 1983ರಲ್ಲಿ ಹಾರಿಬಿಟ್ಟ ಐರಾಸ್ ಉಪಗ್ರಹ ಅತಿಗೆಂಪು ಬೆಳಕಿನಲ್ಲಿ ಆಕಾಶವನ್ನು ಜಾಲಾಡಿದಾಗ ಎಲ್ಲೆಲ್ಲೂ ತೆಳುಮೋಡದಂಥ ಧೂಳಿನ ಎಳೆಗಳು ಸಿಕ್ಕವು. ಮುಂದೆ ಸ್ಟೀವ್ ಮ್ಯಾಂಡೆಲ್ ಎಂಬ ಅಮೆರಿಕದ ಹವ್ಯಾಸಿ ಇವನ್ನು ಒಂದೊಂದಾಗಿ ಚಿತ್ರಿಸಿ ‘ಇಂಟಿಗ್ರೇಟೆಡ್ ಫ್ಲಕ್ಸ್ ನೆಬ್ಯುಲ’ ಎಂದು ಹೆಸರಿಟ್ಟರು. ನಾವೆಲ್ಲ ಐಎಫ್‌ಎನ್ ಎನ್ನುತ್ತೇವೆ. ಆ ಒಟ್ಟು ಬೆಳಕಿನಲ್ಲಿ ನಮ್ಮ ಸೂರ್ಯನದೂ ಒಂದು ಪಾಲು ಇರಲೇಬೇಕು. ಅಳೆಯಲಾಗದಷ್ಟು ಸಣ್ಣ ಪಾಲು, ನಿಜ. ಆದರೂ ಶತಮಾನಗಳ ಹಿಂದೆ ಇಲ್ಲಿಂದ ಹೊರಟ ಬಿಸಿಲು ಆ ಧೂಳಿಗೆ ತಾಕಿ ತಿರುಗಿ ಬರುತ್ತಿದೆ ಎಂದುಕೊಂಡಾಗ ನನಗೆ ಮೈ ಜುಮ್ಮೆನ್ನುತ್ತದೆ.

ಅದು ಎಷ್ಟು ಮಂಕು? ಖಗೋಳದವರ ಅಳತೆಯಲ್ಲಿ ಸಂಖ್ಯೆ ಏರಿದಷ್ಟೂ ಹೊಳಪು ಇಳಿಯುತ್ತದೆ. ಐದು ಮೆಟ್ಟಿಲು ಏರಿದರೆ ಹೊಳಪು ನೂರನೇ ಒಂದು ಪಾಲಿಗೆ ಇಳಿಯಿತು ಎಂದು ಲೆಕ್ಕ. ಊರ ದೀಪಗಳ ಸೋಂಕಿಲ್ಲದ, ಚಂದ್ರನಿಲ್ಲದ ಆಕಾಶದ ಒಂದು ಚೂರಿನ ಹೊಳಪು ಈ ಅಳತೆಯಲ್ಲಿ ಸುಮಾರು 22. ಅಂಥ ಕತ್ತಲೂ ಪೂರಾ ಕತ್ತಲಲ್ಲ, ಮೇಲಿನ ವಾಯುಮಂಡಲ ತಾನೇ ಸಣ್ಣಗೆ ಬೆಳಗುತ್ತಿರುತ್ತದೆ. ನಮ್ಮ ಮಬ್ಬು 26, 27ರ ಆಸುಪಾಸಿನದು. ಎಂದರೆ ಅತ್ಯುತ್ತಮ ಕತ್ತಲಿನ ಆಕಾಶಕ್ಕಿಂತ ನಲವತ್ತರಿಂದ ನೂರು ಪಟ್ಟು ಮಂಕು. ಕ್ಯಾಮೆರಾದ ಒಂದು ಚುಕ್ಕೆಗೆ ಬರಿಯ ಆಕಾಶದಿಂದ ನೂರು ಬೆಳಕಿನ ಕಣ ಬಿದ್ದರೆ, ಮಬ್ಬು ಇರುವ ಕಡೆ ನೂರಾ ಒಂದು ಬೀಳುತ್ತದೆ. ಆದರೆ ಬೆಳಕಿನ ಕಣಗಳು ಎಣಿಸಿಟ್ಟಂತೆ ಬೀಳುವುದಿಲ್ಲ. ನೂರು ಎಂಬಲ್ಲಿ ಒಮ್ಮೆ ತೊಂಬತ್ತು, ಒಮ್ಮೆ ನೂರಾ ಹತ್ತು. ಈ ಏರುಪೇರಿನಲ್ಲಿ ಆ ಹೆಚ್ಚುವರಿ ಒಂದು ಕಣ ಮುಳುಗಿಹೋಗುತ್ತದೆ. ಹತ್ತು ಸಾವಿರ ಕಣ ಕೂಡುವವರೆಗೆ ಕಾದರೆ ಏರುಪೇರು ನೂರು, ಮಬ್ಬಿನ ಕೊಡುಗೆಯೂ ನೂರು. ಹತ್ತು ಲಕ್ಷ ಕೂಡುವವರೆಗೆ ಕಾದರೆ ಏರುಪೇರು ಸಾವಿರ, ಮಬ್ಬು ಹತ್ತು ಸಾವಿರ. ಆಗ ಅದು ಎದ್ದು ಕಾಣುತ್ತದೆ. ನಮ್ಮ ಹವ್ಯಾಸದ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ. ಮೂರೋ ಐದೋ ನಿಮಿಷದ ನೂರಾರು ಚಿತ್ರಗಳನ್ನು ತೆಗೆದು, ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ, ಒಂದರ ಮೇಲೊಂದು ಪೇರಿಸುವುದು. ನಾವು ಇದನ್ನು ಸ್ಟ್ಯಾಕಿಂಗ್ ಎನ್ನುತ್ತೇವೆ. ಸಿರಿಲ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಚಿತ್ರ ಎರಡು ಪಟ್ಟು ತಿಳಿಯಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಕಾಯಬೇಕು. ಈ ಲೆಕ್ಕದಿಂದ ಯಾವ ದುಬಾರಿ ಕ್ಯಾಮೆರಾಕ್ಕೂ ವಿನಾಯಿತಿ ಇಲ್ಲ.

ಅದೇ ಲೆಕ್ಕ ಊರು ಬಿಟ್ಟು ಹೋಗಲು ಹೇಳುತ್ತದೆ. ಮಹಾನಗರದ ಆಕಾಶ 18ರ ಹತ್ತಿರ. ಕಗ್ಗತ್ತಲಿಗಿಂತ ನಲವತ್ತು ಪಟ್ಟು ಬೆಳಕು. ಕಗ್ಗತ್ತಲಲ್ಲಿ ಒಂದು ಗಂಟೆಗೆ ಸಿಗುವ ಮಬ್ಬು ಅಲ್ಲಿ ನಲವತ್ತು ಗಂಟೆಗೆ ಸಿಗಬೇಕು. ಅಷ್ಟರಲ್ಲಿ ನಗರದ ಬೆಳಕಿನ ಓರೆಕೋರೆಗಳೇ ಚಿತ್ರವನ್ನು ತುಂಬಿಬಿಡುತ್ತವೆ. ಆದ್ದರಿಂದ ನಾನು ಅಮಾವಾಸ್ಯೆಯ ಹತ್ತಿರದ ವಾರಾಂತ್ಯಗಳಲ್ಲಿ ಬೆಂಗಳೂರು ಬಿಟ್ಟು ಚಿತ್ರದುರ್ಗದ ಕಡೆಯ ನಮ್ಮ ದೊಡ್ಡಪ್ಪನ ಹೊಲಕ್ಕೆ ಹೋಗುತ್ತೇನೆ. ಶೇಂಗಾ ಕಿತ್ತ ನೆಲ, ಒಣಗಾಳಿ, ಚಳಿಗಾಲದ ಕೊನೆಗೆ ಇಬ್ಬನಿಯ ಕಾಟವೂ ಕಡಿಮೆ. ದೂರದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿರುತ್ತವೆ. ಸಾಮಾನೂ ಹೆಚ್ಚಿನದಲ್ಲ: ಅಂಗೈಯಗಲದ ಮಸೂರದ ಒಂದು ಚಿಕ್ಕ ದೂರದರ್ಶಕ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ತಣ್ಣಗಿರುವ ಕಪ್ಪುಬಿಳುಪು ಕ್ಯಾಮೆರಾ, ಭೂಮಿ ತಿರುಗಿದಂತೆ ಎದುರುದಿಕ್ಕಿಗೆ ತಿರುಗುವ ಮೌಂಟ್, ಒಂದು ಬ್ಯಾಟರಿ.

ನಮ್ಮ ಅಕ್ಷಾಂಶದಿಂದ ಈ ಕೆಲಸಕ್ಕೆ ಎರಡು ತೊಡಕುಗಳಿವೆ. ಮೌಂಟನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ನಿಲ್ಲಿಸಬೇಕು. ಚಿತ್ರದುರ್ಗದಲ್ಲಿ ಧ್ರುವ ದಿಗಂತದಿಂದ ಬರೀ 14 ಡಿಗ್ರಿ ಮೇಲಿರುತ್ತದೆ. ಬದುವಿನ ಒಂದು ಹುಣಸೆ ಮರ ಅಡ್ಡ ಬಂದರೆ ಮುಗಿಯಿತು, ಕಾಲು ಕಿತ್ತು ಬೇರೆಡೆ ಊರಬೇಕು. ಇನ್ನೊಂದು, ಎಂ81 ನಮಗೆ ಎಷ್ಟೇ ಮೇಲೇರಿದರೂ 35 ಡಿಗ್ರಿ ದಾಟುವುದಿಲ್ಲ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ದಾಟುವುದಕ್ಕಿಂತ ಒಂದೂಮುಕ್ಕಾಲು ಪಟ್ಟು ಗಾಳಿಯನ್ನು ಆ ಬೆಳಕು ದಾಟಿ ಬರಬೇಕು. ಆ ಗಾಳಿಯಲ್ಲಿ ಬೇಸಿಗೆಯ ಮೊದಲ ಧೂಳೂ, ಕಸ ಸುಟ್ಟ ಹೊಗೆಯೂ ಸೇರಿರುತ್ತವೆ. ಯೂರೋಪಿನವರಿಗೆ ಅದು ಮುಳುಗುವುದೇ ಇಲ್ಲ, ಹೆಚ್ಚುಕಡಿಮೆ ನೆತ್ತಿಗೆ ಬರುತ್ತದೆ. ಅವರ ಹತ್ತು ಗಂಟೆಯ ಚಿತ್ರಕ್ಕೆ ಸಾಟಿಯಾದದ್ದು ನಮಗೆ ಹತ್ತು ಗಂಟೆಯಲ್ಲಿ ಸಿಗುವುದಿಲ್ಲ. ಇದನ್ನು ಒಪ್ಪಿಕೊಂಡೇ ಹೊರಡಬೇಕು.

ದೊಡ್ಡಪ್ಪನ ಊರಲ್ಲಿ ಮೋಟರಿಗೆ ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ಸಲ ಅಪರಾತ್ರಿಯಲ್ಲಿ. ಹಾಗೊಮ್ಮೆ ಮೋಟರು ಹಾಕಲು ಬಂದವರು ಬ್ಯಾಟರಿ ಬೆಳಕನ್ನು ನೆಲಕ್ಕೆ ಬಾಗಿಸಿ ಹಿಡಿದು ನನ್ನ ಪಕ್ಕ ನಿಂತರು.

“ಏಳು ಗಂಟಿಂದ ಒಂದೇ ಕಡಿಗೆ ತಿರುಗಿಸ್ಕಂಡು ಕುಂತೀಯಲ್ಲಪ್ಪ, ಏನೈತೆ ಅಲ್ಲಿ?”

“ಧೂಳೈತೆ ದೊಡ್ಡಪ್ಪ. ಬಾಳ ಮೇಲಿನ ಧೂಳು.”

“ಕಾಣಂಗಿದ್ರೆ ತೋರ್ಸು.”

ಪರದೆಯ ಮೇಲೆ ಅಷ್ಟುಹೊತ್ತಿಗೆ ಕೂಡಿದ್ದ ಚಿತ್ರವನ್ನು ತಿರುವುಮುರುವು ಮಾಡಿ, ಬಿಳಿ ಆಕಾಶದಲ್ಲಿ ಕಪ್ಪು ನಕ್ಷತ್ರ ಬರುವ ಹಾಗೆ ತೋರಿಸಿದೆ. ಮಂಕಾದದ್ದನ್ನು ಹಾಗೆ ನೋಡಿದರೆ ಕಣ್ಣಿಗೆ ಬೇಗ ಸಿಗುತ್ತದೆ. ದೊಡ್ಡಪ್ಪ ಬಹಳ ಹೊತ್ತು ನೋಡಿದರು. ಬೆರಳಿಟ್ಟು ಒಂದು ಎಳೆಯನ್ನು ಮೇಲಿನಿಂದ ಕೆಳಗಿನವರೆಗೆ ತಪ್ಪದೆ ಗುರುತಿಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ಇದು ಅಲ್ಲಿರೋದೋ, ನಿನ್ನ ಮಿಷನ್ನಾಗೆ ಇರೋದೋ?”

ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ನುರಿತವರೂ ಮೊದಲು ಕೇಳಿಕೊಳ್ಳುವುದು ಅದನ್ನೇ. ಯಾವ ಮಸೂರವೂ ನಡುವೆ ಹೆಚ್ಚು ಬೆಳಕು, ಅಂಚಿನಲ್ಲಿ ಕಡಿಮೆ ಬೆಳಕು ಕೊಡುತ್ತದೆ. ನಡುವೆ ಗ್ಯಾಲಕ್ಸಿ ಇಟ್ಟರೆ ಅದರ ಸುತ್ತ ತಾನಾಗಿ ಒಂದು ಮಬ್ಬು ಹುಟ್ಟುತ್ತದೆ. ಉಜ್ವಲ ನಕ್ಷತ್ರದ ಬೆಳಕು ಫಿಲ್ಟರಿನ ಗಾಜುಗಳ ನಡುವೆ ಪುಟಿದು ದೊಡ್ಡ ಪ್ರಭಾವಳಿ ಆಗುತ್ತದೆ. ಪಕ್ಕದೂರಿನ ದೀಪಗಳು ಚಿತ್ರದ ಒಂದು ಮೂಲೆಯನ್ನು ಬೆಳಗಿಸುತ್ತವೆ. ಇವನ್ನು ಕಳೆಯಲು ದಾರಿಗಳಿವೆ. ಬೆಳಗಿನ ತಿಳಿಯಾಕಾಶಕ್ಕೆ ದೂರದರ್ಶಕ ತಿರುಗಿಸಿ, ಬಾಯಿಗೆ ಬಿಳಿಬಟ್ಟೆ ಬಿಗಿದು ‘ಫ್ಲ್ಯಾಟ್’ ತೆಗೆದು, ಅದರಿಂದ ಪ್ರತಿ ಚಿತ್ರವನ್ನೂ ಭಾಗಿಸುತ್ತೇವೆ. ಮಸೂರದ ಏರಿಳಿತ ಆಗ ಹೋಗುತ್ತದೆ. ಒಂದು ರಾತ್ರಿಯ ಬಳಿಕ ಕ್ಯಾಮೆರಾವನ್ನು ಕಾಲುಸುತ್ತು ತಿರುಗಿಸಿ ಮತ್ತೆ ತೆಗೆಯುತ್ತೇನೆ. ಯಂತ್ರದ್ದಾದರೆ ಮಬ್ಬು ಕ್ಯಾಮೆರಾದೊಂದಿಗೆ ತಿರುಗಬೇಕು, ಆಕಾಶದ್ದಾದರೆ ನಕ್ಷತ್ರಗಳೊಂದಿಗೆ ನಿಲ್ಲಬೇಕು. ಐರಾಸ್ ಮತ್ತು ಪ್ಲಾಂಕ್ ಉಪಗ್ರಹಗಳ ಧೂಳಿನ ನಕ್ಷೆಗಳು ಯಾರಿಗೂ ಬಿಟ್ಟಿ ಸಿಗುತ್ತವೆ. ಅವುಗಳ ಪಕ್ಕ ನನ್ನ ಚಿತ್ರವಿಟ್ಟು ಎಳೆಗೆ ಎಳೆ ಹೊಂದಿಸಿ ನೋಡುತ್ತೇನೆ. ಹೊಲದಲ್ಲಿ ಕೂತು ಕೂಡಿಸಿದ ಎಳೆಯೊಂದು, ನಾನಿನ್ನೂ ಕ್ಯಾಮೆರಾ ಹಿಡಿಯದ ಕಾಲದಲ್ಲಿ ಉಪಗ್ರಹವೊಂದು ಬೇರೆಯೇ ಬೆಳಕಿನಲ್ಲಿ ಬರೆದಿಟ್ಟ ಎಳೆಯ ಮೇಲೆ ತಂತಾನೇ ಕೂತಾಗ ಆಗುವ ಸಂತೋಷ ದೊಡ್ಡದು.

ಎಲ್ಲಕ್ಕಿಂತ ನಾಜೂಕಿನ ಜಾಗ ಕಂಪ್ಯೂಟರಿನ ಮುಂದೆ ಬರುತ್ತದೆ. ಹಿನ್ನೆಲೆಯನ್ನು ತೆಗೆದುಹಾಕುವ ಸಾಧನಗಳು ಈಗ ಬಹಳ ಚುರುಕಾಗಿವೆ. ಒಂದು ಗುಂಡಿ ಒತ್ತಿದರೆ ಆಕಾಶ ಸಪಾಟಾಗಿ, ಅಚ್ಚಗಪ್ಪಾಗಿ, ಗ್ಯಾಲಕ್ಸಿ ಮಾತ್ರ ಹೊಳೆಯುತ್ತಾ ನಿಲ್ಲುತ್ತದೆ. ಚೆಂದವೇ. ಆದರೆ ಯಾವುದು ಹಿನ್ನೆಲೆ ಎಂದು ತೀರ್ಮಾನಿಸಿದವರು ಯಾರು? ಊರ ಬೆಳಕೂ ಅಗಲವಾಗಿ ಹರಡುತ್ತದೆ, ಈ ಧೂಳೂ ಅಗಲವಾಗಿ ಹರಡುತ್ತದೆ. ಸಾಧನಕ್ಕೆ ಎರಡೂ ಒಂದೇ. ಇದರ ಎದುರುದಿಕ್ಕಿನ ಅಪಾಯವೂ ಉಂಟು: ಮಬ್ಬು ಬೇಕೆಂದು ಅಲ್ಲಿಷ್ಟು ಇಲ್ಲಿಷ್ಟು ಬೆಳಕನ್ನು ಎಳೆದೆಳೆದು, ಇಲ್ಲದ ಸುರುಳಿಯನ್ನು ಇದ್ದದ್ದಕ್ಕಿಂತ ಚೆಂದ ಮಾಡುವುದು. ನಾನು ಬೆಳಕಿನ ಒಂದೇ ಸಮನಾದ ಇಳಿಜಾರನ್ನು ಮಾತ್ರ ತೆಗೆಯುತ್ತೇನೆ, ಅದಕ್ಕಿಂತ ಹೆಚ್ಚಿನದನ್ನು ಮುಟ್ಟುವುದಿಲ್ಲ. ಹಿನ್ನೆಲೆ ತೆಗೆಯದ ಒಂದು ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೂ ಇದನ್ನೇ ಹೇಳುತ್ತೇನೆ.

ಮಂಕಾದದ್ದನ್ನು ಹೊರತೆಗೆಯುವ ಕಲೆ ಕ್ಯಾಮೆರಾ ಚಿಪ್‌ಗಳಿಗಿಂತ ಹಳೆಯದು. ಆಂಗ್ಲೋ-ಆಸ್ಟ್ರೇಲಿಯನ್ ವೀಕ್ಷಣಾಲಯದಲ್ಲಿದ್ದ ಡೇವಿಡ್ ಮ್ಯಾಲಿನ್ ಮೂಲತಃ ರಸಾಯನಶಾಸ್ತ್ರದವರು. ಗಾಜಿನ ಪ್ಲೇಟಿನ ಮೇಲ್ಪದರದಲ್ಲಿ ಮಾತ್ರ ಉಳಿದಿರುವ ಮಂಕು ಗುರುತನ್ನು, ಹರಡಿದ ಬೆಳಕಿನಲ್ಲಿ ಅಚ್ಚೊತ್ತಿ ಮೇಲೆತ್ತುವ ವಿಧಾನವನ್ನು ಅವರು 1970ರ ದಶಕದ ಕೊನೆಗೆ ರೂಢಿಗೆ ತಂದರು. ಏನೂ ಇಲ್ಲವೆಂದುಕೊಂಡಿದ್ದ ದೀರ್ಘವೃತ್ತದ ಗ್ಯಾಲಕ್ಸಿಗಳ ಸುತ್ತ ಚಿಪ್ಪಿನಂಥ ಪದರಗಳು ಆ ಅಚ್ಚುಗಳಲ್ಲಿ ಎದ್ದುಬಂದವು. ದೊಡ್ಡ ಗ್ಯಾಲಕ್ಸಿ ಸಣ್ಣದೊಂದನ್ನು ನುಂಗಿದ ಗುರುತು ಅದು. 2008ರಲ್ಲಿ ಡೇವಿಡ್ ಮಾರ್ಟಿನೆಜ್-ಡೆಲ್ಗಾಡೊ ಎಂಬ ವಿಜ್ಞಾನಿ, ಜೇ ಗಬಾನಿ ಎಂಬ ಹವ್ಯಾಸಿಯ ಅರ್ಧ ಮೀಟರಿನ ದೂರದರ್ಶಕದ ಚಿತ್ರದಿಂದ ಎನ್‌ಜಿಸಿ 5907 ಗ್ಯಾಲಕ್ಸಿಯನ್ನು ಸುತ್ತುವರಿದ ನಕ್ಷತ್ರಗಳ ಕುಣಿಕೆಗಳನ್ನು ಪ್ರಕಟಿಸಿದರು. ದೊಡ್ಡ ವೀಕ್ಷಣಾಲಯಗಳು ಒಂದೇ ಜಾಗವನ್ನು ಅಷ್ಟು ರಾತ್ರಿ ನೋಡಲಾರವು, ಹವ್ಯಾಸಿ ನೋಡಬಲ್ಲ. ಆಮೇಲೆ ಟೊರಾಂಟೊದ ರಾಬರ್ಟೊ ಅಬ್ರಹಾಂ, ಯೇಲ್‌ನ ಪೀಟರ್ ವ್ಯಾನ್ ಡೊಕ್ಕಮ್ ಇಬ್ಬರೂ ಅಂಗಡಿಯಲ್ಲಿ ಸಿಗುವ 400 ಮಿಲಿಮೀಟರಿನ ಕ್ಯಾನನ್ ಲೆನ್ಸುಗಳನ್ನೇ ಜೋಡಿಸಿ ಡ್ರ್ಯಾಗನ್‌ಫ್ಲೈ ಕಟ್ಟಿದರು. ಕ್ರೀಡೆಯ ಚಿತ್ರ ತೆಗೆಯುವವರು ಹೆಗಲಿಗೇರಿಸುವ ಲೆನ್ಸು ಅದು. ಅದರ ಗಾಜಿನ ಲೇಪ ಬೆಳಕನ್ನು ಬಹಳ ಕಡಿಮೆ ಚೆದುರಿಸುತ್ತದೆ ಎಂಬುದೇ ಅದನ್ನು ಆರಿಸಿದ ಕಾರಣ. 2019ರಲ್ಲಿ ಅದೇ ಡ್ರ್ಯಾಗನ್‌ಫ್ಲೈ ಎನ್‌ಜಿಸಿ 5907ನ್ನು ನೋಡಿದಾಗ ಒಂದೇ ಒಂದು ಬಾಗಿದ ಎಳೆ ಕಂಡಿತು. ಎರಡನೆಯ ಕುಣಿಕೆ ಕಾಣಲಿಲ್ಲ. ಮೊದಲ ಎಳೆಯ ಶೋಧ ಹಾಗೇ ಉಳಿಯಿತು, ಅದರ ಆಕಾರದ ಕಥೆ ಬದಲಾಯಿತು. ಇಷ್ಟು ಮಂಕಿನಲ್ಲಿ ಕೆಲಸ ಮಾಡುವಾಗ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಬೇರೆ ಗಾಜಿನಿಂದ ನೋಡಲೇಬೇಕು.

ಇದೆಯೋ ಇಲ್ಲವೋ ಎಂಬುದು ಇತ್ಯರ್ಥವಾದ ಮೇಲೂ ಮುಗಿಯುವುದಿಲ್ಲ. ಇದೆ, ಸರಿ, ಆದರೆ ಯಾರದು? ಎಂ81ರ ಪಕ್ಕ ಕಮಾನಿನಂಥ ಒಂದು ಮಬ್ಬಿದೆ. 1965ರಲ್ಲಿ ಹಾಲ್ಟನ್ ಆರ್ಪ್ ಅದನ್ನು ಗುರುತಿಸಿದರು, ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಎಂ81, ಎಂ82 ಒಂದರ ಪಕ್ಕ ಒಂದು ಹಾದುಹೋದಾಗ ಸೆಳೆತಕ್ಕೆ ಕಿತ್ತುಬಂದ ವಸ್ತು ಅದಾಗಿರಬೇಕೆಂದು ಬಹುಕಾಲ ನಂಬಿದ್ದರು. ನಂಬಲು ಕಾರಣವೂ ಇತ್ತು, ಆ ಎರಡು ಗ್ಯಾಲಕ್ಸಿಗಳ ನಡುವೆ ಎಳೆದಾಟ ನಿಜಕ್ಕೂ ನಡೆದಿದೆ. 2010ರಲ್ಲಿ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ ಆ ಧೂಳಿನ ಅತಿಗೆಂಪು ಬೆಳಕನ್ನು ಅಳೆದ ಮೇಲೆ, ಅದರ ಬಹುಪಾಲು ನಮ್ಮ ಆಕಾಶಗಂಗೆಯ ಧೂಳು ಎಂಬ ತೀರ್ಮಾನಕ್ಕೆ ಬಂದರು. ದೂರದ ಊರಿನ ಜಗಳದ ಕುರುಹೆಂದು ನಾಲ್ಕು ದಶಕ ಓದಿಕೊಂಡದ್ದು ನಮ್ಮ ಅಂಗಳದ್ದೇ ಆಗಿತ್ತು.

ಇಂಥದೇ ಇನ್ನೊಂದು ಈಚೆಗೆ ಆಂಡ್ರೊಮೀಡಾ ಗ್ಯಾಲಕ್ಸಿಯ ಪಕ್ಕದಲ್ಲಿ ನಡೆಯಿತು. ಆಕಾಶದಲ್ಲಿ ಅತಿ ಹೆಚ್ಚು ಸಲ ಚಿತ್ರಿಸಿಕೊಂಡ ಗ್ಯಾಲಕ್ಸಿಗಳಲ್ಲಿ ಅದೂ ಒಂದು. ಇಂಗ್ಲೆಂಡಿನಲ್ಲಿ ಕಟ್ಟಡ ಕಟ್ಟಿಸುವ ಕಸುಬಿನ ಐಸಾಕ್ ರಾಬರ್ಟ್ಸ್ 1888ರಲ್ಲೇ ಅದರ ಸುರುಳಿಯ ರೂಪ ತೋರುವ ಚಿತ್ರ ತೆಗೆದಿದ್ದ. ಅದಾಗಿ ನೂರು ವರ್ಷ ಕಳೆದ ಮೇಲೂ ಅದರ ಪಕ್ಕ ಹೊಸದೇನಾದರೂ ಸಿಕ್ಕೀತು ಎಂದು ಯಾರೂ ಎಣಿಸಿರಲಿಲ್ಲ. 2022ರಲ್ಲಿ ಫ್ರಾನ್ಸಿನ ಯಾನ್ ಸೈಂಟಿ, ಕ್ಸೇವಿಯೆ ಸ್ಟ್ರಾಟ್ನರ್, ಜರ್ಮನಿಯ ಮಾರ್ಸೆಲ್ ಡ್ರೆಕ್ಸ್ಲರ್ ಎಂಬ ಮೂವರು ಹವ್ಯಾಸಿಗಳು ಆಮ್ಲಜನಕದ ಹಸಿರುನೀಲಿ ಬೆಳಕನ್ನಷ್ಟೇ ಬಿಡುವ ಫಿಲ್ಟರಿನಲ್ಲಿ ಆ ಜಾಗವನ್ನು ನೋಡಿದರು. ಚಿತ್ರಕ್ಕೆ ಬಳಸಿದ್ದು ಹತ್ತು ಸೆಂಟಿಮೀಟರಿಗಿಂತ ತುಸು ದೊಡ್ಡ ಮಸೂರ. ಕೂಡಿಸಿದ್ದು ನೂರಕ್ಕೂ ಹೆಚ್ಚು ಗಂಟೆಯ ಬೆಳಕು. ಗ್ಯಾಲಕ್ಸಿಯ ಪಕ್ಕದಲ್ಲಿ ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು ಉದ್ದದ ನೀಲಿ ಕಮಾನು ಸಿಕ್ಕಿತು. ಇವರು ಮಾಡಿದ ಮೊದಲ ಕೆಲಸ, ಬೇರೆ ಕಡೆಯ ಬೇರೆ ದೂರದರ್ಶಕಗಳಿಂದ, ಬೇರೆ ಕ್ಯಾಮೆರಾಗಳಿಂದ ಅದೇ ಜಾಗವನ್ನು ತೆಗೆಸಿ ನೋಡಿದ್ದು. ಎಲ್ಲದರಲ್ಲೂ ಇತ್ತು. 2023ರ ಜನವರಿಯಲ್ಲಿ ವಿಜ್ಞಾನಿಗಳ ಜೊತೆ ಸೇರಿ ಪ್ರಕಟಿಸಿದರು. ಅದೇ ವರ್ಷ ಗ್ರೀನಿಚ್ ವೀಕ್ಷಣಾಲಯದ ಸ್ಪರ್ಧೆಯಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ. ಆಂಡ್ರೊಮೀಡಾದ್ದೋ, ನಮ್ಮದೋ ಎಂಬ ಪ್ರಶ್ನೆ ಅಲ್ಲೂ ಎದ್ದಿತು. ಆಮೇಲಿನ ಅಧ್ಯಯನಗಳು ಅದು ನಮ್ಮ ಆಕಾಶಗಂಗೆಯೊಳಗಿನದು ಎಂಬ ಕಡೆಗೇ ವಾಲಿವೆ. ಇಷ್ಟರಿಂದ ಆ ಶೋಧದ ಬೆಲೆ ಕೂದಲೆಳೆಯಷ್ಟೂ ಇಳಿಯುವುದಿಲ್ಲ. 25 ಲಕ್ಷ ಬೆಳಕಿನ ವರ್ಷ ಆಚೆ ನೋಡಲು ಹೋದವರಿಗೆ ನಮ್ಮ ನೆರೆಯಲ್ಲೇ ಯಾರೂ ಕಾಣದ ಒಂದು ವಸ್ತು ಸಿಕ್ಕಿತು.

ನಮ್ಮ ನಾಡಿನಿಂದ ಇಂಥದು ಆದೀತೇ ಎಂದು ಹುಡುಗರು ಕೇಳುತ್ತಾರೆ. ಲಡಾಖಿನ ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ತಾಣವಾಗಿ ಘೋಷಿಸಿದ್ದಾರೆ. ಅಲ್ಲಿ ಎಂ81 ದಿಗಂತದಿಂದ 54 ಡಿಗ್ರಿ ಮೇಲೇರುತ್ತದೆ, ಹವ್ಯಾಸಿಗಳ ಕೂಟವೂ ನಡೆಯುತ್ತದೆ. ಅಲ್ಲಿನ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಹಾನ್ಲೆಗೆ ಹೋಗಿಬರುವುದು ಎಲ್ಲರಿಗೂ ಆಗುವ ಮಾತಲ್ಲ. ಆದರೆ ನಮ್ಮ ಹೊಲಗಳಿಗೂ ಒಂದು ವರ ಇದೆ.

ಉತ್ತರದ ಆಕಾಶ ನಮಗೆ ತಗ್ಗಾದಷ್ಟೂ ದಕ್ಷಿಣದ್ದು ಎತ್ತರ. ಸೆಂಟಾರಸ್ ಎ ಎಂಬ ದೊಡ್ಡ ಗ್ಯಾಲಕ್ಸಿ ಅಲ್ಲಿದೆ, ನಡುವೆ ಕಪ್ಪು ಪಟ್ಟಿ ಕಟ್ಟಿಕೊಂಡಂಥದ್ದು. ಬೆಂಗಳೂರಿನ ಅಕ್ಷಾಂಶದಿಂದ ನೋಡಿದರೆ ಉತ್ತರದಲ್ಲಿ ಎಂ81 ಏರುವ ಎತ್ತರ 34 ಡಿಗ್ರಿ. ದಕ್ಷಿಣದಲ್ಲಿ ಸೆಂಟಾರಸ್ ಎ ಏರುವ ಎತ್ತರವೂ ಅಷ್ಟೇ. ಆಂಡ್ರೊಮೀಡಾದ ಕಮಾನು ಕಂಡ ಫ್ರಾನ್ಸ್, ಜರ್ಮನಿಗಳ ಬಹುಭಾಗದಲ್ಲಿ ಸೆಂಟಾರಸ್ ಎ ದಿಗಂತದ ಮೇಲೆ ಬರುವುದೇ ಇಲ್ಲ. ಮ್ಯಾಲಿನ್ ಮತ್ತು ಜೊತೆಗಾರರು 1983ರಲ್ಲಿ ಅದರ ಸುತ್ತಲೂ ಚಿಪ್ಪಿನ ಪದರಗಳನ್ನು ತೋರಿಸಿದ್ದಾರೆ, ಅವು ಅದರವೇ. ಆ ದಿಕ್ಕಿನಲ್ಲಿ ನಮ್ಮ ಆಕಾಶಗಂಗೆಯ ಧೂಳೂ ದಟ್ಟವಾಗಿದೆ, ಅದು ನಮ್ಮದು. ಒಂದೇ ಚಿತ್ರದಲ್ಲಿ ಎರಡೂ ಬೆರೆತಿರುತ್ತವೆ, ಒಂದರಿಂದ ಒಂದನ್ನು ಬಿಡಿಸಬೇಕು. ಫೆಬ್ರುವರಿ ಕೊನೆಯಲ್ಲಿ ಎಂ81 ನಡುರಾತ್ರಿಯ ಹೊತ್ತಿಗೆ ಗರಿಷ್ಠ ಎತ್ತರಕ್ಕೆ ಬಂದರೆ, ಸೆಂಟಾರಸ್ ಎ ಅದಾಗಿ ಮೂರೂವರೆ ಗಂಟೆಗೆ ಬರುತ್ತದೆ. ಹೀಗಾಗಿ ಒಂದೇ ರಾತ್ರಿಯ ಮೊದಲ ಪಾಲು ಉತ್ತರಕ್ಕೆ, ಎರಡನೆಯ ಪಾಲು ದಕ್ಷಿಣಕ್ಕೆ. ಬರುವ ಶಿವರಾತ್ರಿಯ ಅಮಾವಾಸ್ಯೆಗೆ ಈ ಹಂಚಿಕೆಯಲ್ಲೇ ಶುರು ಮಾಡುತ್ತೇನೆ. ದಕ್ಷಿಣದ ಬದುವಿನಲ್ಲಿ ಅಡ್ಡ ಬರುವ ಮರ ಇಲ್ಲ, ದೊಡ್ಡಪ್ಪನೇ ನೋಡಿ ಹೇಳಿದ್ದಾರೆ.